ಹ್ಞೂಂ ಅಂಕಲ್ ತೆಗೆದ ಬಾಗಿಲು

ನಮ್ಮ ಭಾವ ಊರಿನ ಸೇವಾ ಸಂಘದ ಅಧ್ಯಕ್ಷರಾದದ್ದು ಒಂದು ತಪ್ಪು ತಿಳಿವಳಿಕೆಯಿಂದ.

ಆ ವರ್ಷ ಅಧ್ಯಕ್ಷಗಿರಿಗೆ ಯಾರೂ ಮುಂದೆ ಬಂದಿರಲಿಲ್ಲ. ಒಬ್ಬರ ಮನೆಯಲ್ಲಿ ಮಗಳ ಮದುವೆ, ಇನ್ನೊಬ್ಬರಿಗೆ ಮಂಡಿ ನೋವು, ಮತ್ತೊಬ್ಬರು ಆಗತಾನೇ ಎರಡನೇ ಅಂಗಡಿ ತೆರೆದಿದ್ದರು. ಸಭೆ ಎಳೆದೂ ಎಳೆದೂ ಚಹಾ ಆರಿಹೋಯಿತು. ಕೊನೆಗೆ ಎಲ್ಲರ ಕಣ್ಣು ಕಿಟಕಿಯ ಪಕ್ಕ ಕೂತಿದ್ದ ಭಾವನ ಮೇಲೆ ಬಿತ್ತು. ಸಂಘದ ಸಭಾಂಗಣವನ್ನು ಮುಂದೆ ನಿಂತು ಕಟ್ಟಿಸಿದ್ದ ಕಂಟ್ರಾಕ್ಟರ್ ಗಂಟಲು ಸರಿಮಾಡಿಕೊಂಡು, "ನೋಡಿ, ಕನ್ನಡಕದಂಗಡಿಯವರು ಅಂದ್ರೆ ಊರಿಗೆಲ್ಲ ಗೌರವ, ಯಾರ ಜೊತೆಗೂ ಜಗಳ ಇಲ್ಲ, ಈ ಸಲ ಅವರೇ ಯಾಕಾಗಬಾರದು ಅಂತ ನನಗೆ..." ಎಂದು ಶುರು ಮಾಡಿದರು. ಭಾವ ಅವರ ಮುಖ ನೋಡುತ್ತಾ "ಹ್ಞೂಂ" ಅಂದರು.

ಅದು ಒಪ್ಪಿಗೆಯ ಹ್ಞೂಂ ಅಲ್ಲ. ಹೇಳಿ, ಕೇಳಿಸಿಕೊಳ್ಳುತ್ತಿದ್ದೇನೆ ಎನ್ನುವ ಹ್ಞೂಂ. ಅವರ ಅಂಗಡಿಯಲ್ಲೇ ಕೌಂಟರಿನ ಹಿಂದೆ ನಿಂತು ಫ್ರೇಮು ತೋರಿಸುವ ನನಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತು. ನಾನೂ ಸಂಘದ ಸದಸ್ಯೆ, ಪಕ್ಕದಲ್ಲೇ ಕೂತಿದ್ದೆ. ಬಾಯಿ ತೆಗೆಯುವಷ್ಟರಲ್ಲಿ ಚಪ್ಪಾಳೆ ಬಿದ್ದುಬಿಟ್ಟಿತು.

ಮನೆಗೆ ಬಂದು ಹೇಳಿದರೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಮ್ಮ ಮದುವೆಗೂ ಇವರು ಹೀಗೇ ಕಣೇ ಒಪ್ಪಿದ್ದು. ಅಪ್ಪ ಮಾತಾಡ್ತಾನೇ ಇದ್ರು, ಇವರು ಹ್ಞೂಂ ಹ್ಞೂಂ ಅಂತಾನೇ ಇದ್ರು. ಅಪ್ಪ ಎದ್ದು ಒಳಗೆ ಬಂದು ‘ಹುಡುಗ ಒಪ್ಪಿದಾನೆ’ ಅಂದ್ರು."

"ಆ ಹ್ಞೂಂ ಬೇರೆ," ಅಂದರು ಭಾವ, ಶರ್ಟಿನ ಗುಂಡಿ ಬಿಚ್ಚುತ್ತಾ.

"ಹಂಗಾದ್ರೆ ಇದು?"

"ಇದು... ಏನೋಪ್ಪ, ಆಗಿಹೋಯ್ತಲ್ಲ."

ಭಾವನಿಗೆ ಮಾತು ಬರುವುದಿಲ್ಲ ಎಂದಲ್ಲ. ಕೇಳುವುದು ಅಭ್ಯಾಸವಾಗಿಬಿಟ್ಟಿದೆ, ಅಷ್ಟೆ. ಅಂಗಡಿಯ ಹಿಂದೆ ಒಂದು ಕಿರಿದಾದ ಕತ್ತಲೆ ಕೋಣೆಯಿದೆ. ಗೋಡೆಯ ಮೇಲೆ ಅಕ್ಷರಗಳ ಹಲಗೆ, ಎದುರಿಗೆ ಎತ್ತರದ ಕುರ್ಚಿ. ಬಂದವರ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಒಂದೊಂದೇ ಗಾಜು ಬದಲಿಸುತ್ತಾ, "ಇದು ಚೆನ್ನಾಗಿದೆಯೋ, ಮೊದಲಿನದು ಚೆನ್ನಾಗಿತ್ತೋ?" ಎಂದು ಕೇಳುತ್ತಾರೆ. ಆಮೇಲೆ ಸುಮ್ಮನೆ ನಿಲ್ಲುತ್ತಾರೆ. ಎಷ್ಟು ಹೊತ್ತು ಬೇಕಾದರೂ. ಅವಸರದ ಗಿರಾಕಿಗಳು "ನೀವೇ ಯಾವುದೋ ಒಂದು ಹಾಕಿಕೊಡಿ ಸ್ವಾಮಿ" ಅಂದರೆ, "ನೋಡೋರು ನೀವಲ್ವಾ, ನಾನು ಹೆಂಗೆ ಹೇಳ್ಲಿ?" ಎನ್ನುತ್ತಾರೆ.

ಅದಕ್ಕೊಂದು ಕಾರಣವಿದೆ ಎಂದು ಅಕ್ಕ ಹೇಳುತ್ತಾಳೆ. ಚಿಕ್ಕಂದಿನಲ್ಲಿ ಭಾವನಿಗೆ ದೂರದ್ದು ಕಾಣುತ್ತಿರಲಿಲ್ಲ. ಅದು ಮನೆಯವರಿಗೂ ಗೊತ್ತಿಲ್ಲ, ಶಾಲೆಯವರಿಗೂ ಗೊತ್ತಿಲ್ಲ, ಎಲ್ಲರಿಗೂ ಕಾಣುವುದೇ ಇಷ್ಟು ಎಂದುಕೊಂಡಿದ್ದರಿಂದ ಅವರಿಗೂ ಗೊತ್ತಿಲ್ಲ. ದಡ್ಡ ಎಂದು ಹಿಂದಿನ ಬೆಂಚಿಗೆ ತಳ್ಳಿದರು. ಅಲ್ಲಿಂದ ಕರಿಹಲಗೆ ಇನ್ನೂ ದೂರವಾಯಿತು. ಬೈಗುಳ, ಪೆಟ್ಟು, ಬುದ್ಧಿವಾದ ಎಲ್ಲವೂ ಸಿಕ್ಕಿತು. ನಿನಗೆ ಏನು ಕಾಣಿಸುತ್ತಿದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೊನೆಗೆ ಶಾಲೆಗೆ ಕಣ್ಣು ಪರೀಕ್ಷೆಗೆ ಬಂದ ಒಬ್ಬರು ಕೇಳಿದರು, ಉತ್ತರಕ್ಕೆ ಕಾದರು. ಕನ್ನಡಕ ಹಾಕಿಕೊಂಡ ದಿನ ತರಗತಿಯ ಗಡಿಯಾರಕ್ಕೆ ಮೂರನೆಯ ಮುಳ್ಳೊಂದು ಇರುವುದನ್ನು ಭಾವ ಮೊದಲ ಸಲ ಕಂಡರಂತೆ.

ಅಧ್ಯಕ್ಷರಾದ ಮೇಲೆ ಮೊದಲು ಎದುರಾದದ್ದು ಯುವಜನರ ಕಾರ್ಯಕ್ರಮ. ಸಂಘ ಪ್ರತಿವರ್ಷ ಹರೆಯದವರಿಗಾಗಿ ಏನಾದರೊಂದು ಮಾಡಲೇಬೇಕು. ನಮ್ಮಲ್ಲಿ ಅದು ಹೇಗೆ ನಡೆಯುತ್ತಿತ್ತೆಂದರೆ, ಎರಡು ಶಾಲೆ, ಒಂದು ಕಾಲೇಜಿನಿಂದ ಹುಡುಗ ಹುಡುಗಿಯರನ್ನು ಸಾಲಾಗಿ ಕರೆತಂದು ಸಭಾಂಗಣದಲ್ಲಿ ಕೂರಿಸುವುದು, ತಲೆಗೊಂದು ಸಂಘದ ಗುರುತಿನ ಟೋಪಿ ಹಾಕುವುದು, ‘ಜೀವನದಲ್ಲಿ ಗುರಿ’ ಎಂಬ ವಿಷಯದ ಮೇಲೆ ಯಾರಾದರೂ ಹಿರಿಯರು ಮಾತಾಡುವುದು, ಫೋಟೋ ತೆಗೆಸುವುದು. ಹಿಂದಿನ ವರ್ಷ ಗುರಿಯ ಬಗ್ಗೆ ಮಾತಾಡಿದವರು ಕಂಟ್ರಾಕ್ಟರೇ. ಅವರ ಮಾತು ಮುಗಿಯುವಷ್ಟರಲ್ಲಿ ಹಿಂದಿನ ಎರಡು ಸಾಲು ಖಾಲಿಯಾಗಿ, ಕುರ್ಚಿಗಳ ಮೇಲೆ ಟೋಪಿಗಳು ಮಾತ್ರ ಕೂತಿದ್ದವು.

"ಈ ಸಲ ಟೋಪಿ ಬೇಡ, ಬ್ಯಾಗ್ ಕೊಡೋಣ," ಅಂದರು ಒಬ್ಬರು. ಸಸಿ ನೆಡೋಣ ಎಂದರು ಇನ್ನೊಬ್ಬರು. ಮಾತು ಸುತ್ತಿ ಸುತ್ತಿ ಭಾವನ ಹತ್ತಿರ ಬಂದು ನಿಂತಿತು.

"ಏನು ಬೇಕು ಅಂತ ಅವರನ್ನೇ ಕೇಳಿದ್ರೆ ಹೆಂಗೆ?" ಅಂದರು ಭಾವ.

"ಅವರನ್ನ ಕೇಳಿದ್ರೆ ಮೋಟಾರ್ ಬೈಕ್ ಕೇಳ್ತಾವೆ," ಅಂದರು ಕಂಟ್ರಾಕ್ಟರ್. ಸಭೆಯೆಲ್ಲ ನಕ್ಕಿತು. ಭಾವನೂ ನಕ್ಕರು. ಆದರೆ ಮಾರನೆಯ ಸಂಜೆ ಹೋಗಿ ಕೇಳಿಯೇಬಿಟ್ಟರು.

ಕೇಳಲು ದೂರ ಹೋಗಬೇಕಾಗಿರಲಿಲ್ಲ. ನಮ್ಮ ಅಂಗಡಿಯ ಮುಂದಿನ ಮೆಟ್ಟಿಲ ಮೇಲೆ ಸಂಜೆ ಹೊತ್ತು ಆರೇಳು ಮಂದಿ ಕೂತಿರುತ್ತಿದ್ದರು. ಹದಿನಾರರಿಂದ ಇಪ್ಪತ್ತರವರೆಗಿನ ವಯಸ್ಸು. ಬೀದಿಯ ಬೇರೆ ಅಂಗಡಿಯವರು ಇವರು ಕೂರಬಾರದೆಂದೇ ಮೆಟ್ಟಿಲಿಗೆ ನೀರು ಹೊಯ್ಯುತ್ತಿದ್ದರು. ನಾವು ಹೊಯ್ಯುತ್ತಿರಲಿಲ್ಲವಾದ್ದರಿಂದ ನಮ್ಮಲ್ಲಿಗೆ ಬರುತ್ತಿದ್ದರು. ಅವರಲ್ಲೊಬ್ಬಳು ಬಾಯಿ ಮುಚ್ಚಿದ್ದನ್ನು ನಾನು ಕಂಡವಳಲ್ಲ. ಗೆಳೆಯರು ಅವಳನ್ನು ರೇಡಿಯೋ ಎಂದು ಕರೆಯುತ್ತಿದ್ದರು. ಅವಳ ಪಕ್ಕದಲ್ಲಿ ಮೊಣಕಾಲು ಗಲ್ಲಕ್ಕೆ ತಗಲುವಂತೆ ಮಡಿಸಿಕೊಂಡು ಕೂರುತ್ತಿದ್ದ ಉದ್ದನೆಯ ಹುಡುಗ ಕಂಬ. ಅವನದು ದಿನಕ್ಕೊಂದೋ ಎರಡೋ ಮಾತು.

ಭಾವ ಹೊರಗೆ ಹೋಗಿ ನಿಂತದ್ದೇ ಎಲ್ಲರೂ ಎದ್ದರು.

"ಹೋಗ್ಬೇಕಾ ಅಂಕಲ್?" ಎಂದಳು ರೇಡಿಯೋ.

"ಬೇಡ, ಕೂತ್ಕೊಳ್ಳಿ. ಒಂದು ವಿಷಯ ಕೇಳ್ಬೇಕಿತ್ತು. ನಮ್ಮ ಸಂಘದಿಂದ ನಿಮಗೋಸ್ಕರ ಏನೋ ಮಾಡ್ಬೇಕು. ಏನು ಮಾಡಿದ್ರೆ ಚೆನ್ನಾಗಿರತ್ತೆ?"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದರಲ್ಲೇನೋ ಮಸಲತ್ತಿದೆ ಎಂದು ಅವರಿಗೆ ಅನ್ನಿಸಿದ್ದು ನನಗೆ ಅಂಗಡಿಯ ಗಾಜಿನೊಳಗಿಂದಲೇ ಕಾಣುತ್ತಿತ್ತು. ಭಾವ ಕಣ್ಣು ಪರೀಕ್ಷೆಯಲ್ಲಿ ಗಾಜು ಬದಲಿಸಿ ನಿಂತ ಹಾಗೆಯೇ ನಿಂತಿದ್ದರು.

"ನಿಜವಾಗ್ಲೂ ಹೇಳ್ಲಾ?" ಎಂದಳು ರೇಡಿಯೋ. "ಕೂತ್ಕೊಳ್ಳೋಕೆ ಒಂದು ಜಾಗ ಬೇಕು. ಎದ್ದೇಳಿ ಅಂತ ಯಾರೂ ಅನ್ನಬಾರದು. ಯಾಕೆ ಬಂದ್ರಿ ಅಂತ ಕೇಳಬಾರದು. ಪಾರ್ಕಲ್ಲಿ ಕಾವಲುಗಾರ ಓಡಿಸ್ತಾನೆ. ಚಹಾದಂಗಡೀಲಿ ಒಂದು ಲೋಟ ಚಹಾಕ್ಕೆ ಎಷ್ಟು ಹೊತ್ತು ಕೂರೋಕಾಗತ್ತೆ? ಮನೇಲಿ ನಾವು ಐದು ಜನ, ಕೋಣೆ ಎರಡು, ಟೀವಿ ಒಂದು. ಬೇರೇನೂ ಬೇಡ ಅಂಕಲ್. ಜಾಗ."

"ಹ್ಞೂಂ," ಅಂದರು ಭಾವ.

ಅವತ್ತಿನಿಂದ ಅವರಿಗೆ ‘ಹ್ಞೂಂ ಅಂಕಲ್’ ಎಂದು ಹೆಸರು ಬಿತ್ತು.

ಸಂಘದ ಸಭಾಂಗಣ ಮಾರುಕಟ್ಟೆ ರಸ್ತೆಯ ಕೊನೆಯಲ್ಲಿದೆ. ವಾರಕ್ಕೊಂದು ಸಂಜೆ ನಾವು ಸೇರಿ, ಚಹಾ ಬಿಸ್ಕತ್ತು ಮುಗಿಸಿ, ಬೀಗ ಹಾಕಿಕೊಂಡು ಬರುತ್ತೇವೆ. ಉಳಿದ ದಿನವೆಲ್ಲ ಅಲ್ಲಿ ಧೂಳು ಮತ್ತು ಸಂಸ್ಥಾಪಕರ ಫೋಟೋ. ಸಂಜೆ ಹೊತ್ತು ಅದನ್ನು ಹುಡುಗರಿಗೆ ತೆರೆದಿಡೋಣ ಎಂದು ಭಾವ ಮುಂದಿನ ಸಭೆಯಲ್ಲಿ ಹೇಳಿದಾಗ ಯಾರೂ ನಗಲಿಲ್ಲ. ಕಂಟ್ರಾಕ್ಟರ್ ಮುಖ ಕೆಂಪಾಯಿತು.

"ಆ ನೆಲಕ್ಕೆ ಪಾಲಿಶ್ ಮಾಡಿಸುವಾಗ ನಾನು ಮೂರು ದಿನ ಮನೆಗೆ ಹೋಗಿಲ್ಲ ಗೊತ್ತೇನ್ರೀ? ಅಲ್ಲಿ ಈ ಪೋಕರಿಗಳನ್ನ ಬಿಡ್ತೀರಾ? ಏನು ಮಾಡ್ತಾರೆ ಅವರು ಅಲ್ಲಿ?"

"ಕೂತ್ಕೋತಾರೆ."

"ಕೂತ್ಕೊಂಡು?"

"ಅದು ಗೊತ್ತಿಲ್ಲ," ಅಂದರು ಭಾವ. "ನೋಡೋಣ. ನಾನೂ ಹೋಗಿ ಕೂತಿರ್ತೀನಿ. ಏನಾದ್ರೂ ಆದ್ರೆ ಜವಾಬ್ದಾರಿ ನಂದು."

ನಮ್ಮ ಪೈಕಿ ಹಿರಿಯರಾದ ನಿವೃತ್ತ ಹೆಡ್‌ಮಿಸ್ಟ್ರೆಸ್ ಅದುವರೆಗೆ ಚಹಾ ಊದಿಕೊಂಡು ಕುಡಿಯುತ್ತಿದ್ದರು. ಊರಿನ ಅರ್ಧ ಜನ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. "ತೆಗೀಲಿ ಬಿಡಿ," ಅಂದರು. "ಮೂವತ್ತು ವರ್ಷ ನಾನು ಅವರಿಗೆ ‘ಕೂತ್ಕೊಳ್ಳಿ, ಕೂತ್ಕೊಳ್ಳಿ’ ಅಂತ ಕಿರುಚಿದ್ದೀನಿ. ಈಗ ಅವರೇ ಕೂರ್ತೀವಿ ಅಂದ್ರೆ ಬೇಡ ಅನ್ನೋಕೆ ನಮಗೇನು ಧಾಡಿ?"

ಹೀಗೆ ಬಾಗಿಲು ತೆರೆಯಿತು. ಆದರೆ ಒಳಗೆ ಯಾರೂ ಬರಲಿಲ್ಲ.

ಭಾವ ದಿನಾ ಅಂಗಡಿಯನ್ನು ನನಗೆ ಒಪ್ಪಿಸಿ ಹೋಗಿ, ದೀಪ ಫ್ಯಾನು ಹಾಕಿ, ಪೇಪರು ಹಿಡಿದು ಕೂರುತ್ತಿದ್ದರು. ಅಕ್ಕನಿಗೆ ರೇಗುತ್ತಿತ್ತು. "ಖಾಲಿ ಕುರ್ಚಿಗಳಿಗೆ ಅಧ್ಯಕ್ಷರಾಗಿದ್ದೀರಲ್ಲ, ಮನೆಗಾದ್ರೂ ಬನ್ನಿ, ನಾನೊಬ್ಬಳು ಇದ್ದೀನಿ," ಎನ್ನುತ್ತಿದ್ದಳು. ನಾಲ್ಕೈದು ದಿನ ಕಳೆದ ಮೇಲೆ ರೇಡಿಯೋ ಬಂದು ಹೊಸ್ತಿಲಲ್ಲಿ ನಿಂತಳಂತೆ. ಆ ಸಂಭಾಷಣೆಯನ್ನು ಅವಳು ಇವತ್ತಿಗೂ ಭಾವನ ದನಿ ಅನುಕರಿಸಿ ಹೇಳುತ್ತಾಳೆ.

"ಅಂಕಲ್, ಭಾಷಣ ಇದ್ಯಾ?"

"ಇಲ್ಲ."

"ಪ್ರತಿಜ್ಞೆ ಮಾಡಿಸ್ತೀರಾ?"

"ಇಲ್ಲ."

"ಫೋಟೋ?"

"ಇಲ್ಲಮ್ಮ."

"ಮತ್ತೆ ನೀವ್ಯಾಕೆ ಇದ್ದೀರಾ?"

"ಬೀಗದ ಕೈ ನನ್ನ ಹತ್ರ ಇದೆ, ಅದಕ್ಕೆ."

ಮರುದಿನ ಮೆಟ್ಟಿಲ ಮೇಲಿನ ಗುಂಪೆಲ್ಲ ಬಂತು. ಅದರ ಮರುವಾರ ಅವರ ಗೆಳೆಯರು, ಗೆಳೆಯರ ತಂಗಿಯರು.

ಅಂಥದ್ದೇನು ಮಾಡಿದರು ಎಂದರೆ ಹೇಳುವುದು ಕಷ್ಟ. ಸಭೆಯ ಮೇಜುಗಳನ್ನು ಜೋಡಿಸಿ, ನಡುವೆ ಹಳೆಯ ಪುಸ್ತಕಗಳ ಸಾಲು ನಿಲ್ಲಿಸಿ ಟೇಬಲ್ ಟೆನಿಸ್ ಆಡಿದರು. ಮೊಬೈಲು ಚಾರ್ಜಿಗೆ ಹಾಕಿದರು. ಮೂಲೆಯಲ್ಲಿ ಒಬ್ಬ ಕೆಲಸದ ಸಂದರ್ಶನಕ್ಕೆ ಹೋಗುವವನಿದ್ದ. ಉಳಿದವರೆಲ್ಲ ಸಾಲಾಗಿ ಕೂತು ಅವನಿಗೆ ಬೇಕುಬೇಕಾದ ಕೊಂಕು ಪ್ರಶ್ನೆ ಕೇಳಿ ಬೆವರಿಳಿಸಿದರು. ನರ್ಸ್ ತರಬೇತಿಯ ಹುಡುಗಿಯೊಬ್ಬಳು ಬಂದವಳೇ ಮೂರು ಕುರ್ಚಿ ಜೋಡಿಸಿ ಮಲಗಿಬಿಡುತ್ತಿದ್ದಳು, ಅವಳು ಮಲಗಿದಾಗ ಚೆಂಡಿನ ಆಟ ನಿಲ್ಲಿಸಬೇಕು ಎಂದು ಅವರೇ ನಿಯಮ ಮಾಡಿಕೊಂಡರು. ನಾನು ಅಂಗಡಿ ಮುಚ್ಚಿ ಬೀಗದ ಕೈ ಕೊಡಲು ಹೋದಾಗ ನೋಡಿದರೆ, ಆ ಗಲಾಟೆಯ ನಡುವೆ ಭಾವ ಪೇಪರಿನ ಅದೇ ಪುಟ ಓದುತ್ತಾ ಕೂತಿರುತ್ತಿದ್ದರು. ಅವರ ಪಕ್ಕದ ಕುರ್ಚಿ ಖಾಲಿಯಿರುತ್ತಿರಲಿಲ್ಲ. ಯಾರಾದರೊಬ್ಬರು ಬಂದು ಕೂತು ಏನೋ ಹೇಳುತ್ತಿರುತ್ತಿದ್ದರು, ಭಾವ ಹ್ಞೂಂಗುಟ್ಟುತ್ತಿರುತ್ತಿದ್ದರು.

"ಏನು ಬುದ್ಧಿ ಹೇಳ್ತೀರಾ ಭಾವ ಅವರಿಗೆಲ್ಲ?" ಎಂದು ಒಮ್ಮೆ ಕೇಳಿದೆ.

"ಬುದ್ಧಿನಾ? ನಾನು ಹೇಳೋಕೆ ಮೊದ್ಲೇ ಅವರು ಎದ್ದು ಹೋಗಿರ್ತಾರೆ. ತಮ್ಮದನ್ನ ಹೇಳಿ ಮುಗಿಸೋಷ್ಟರಲ್ಲಿ ಏನು ಮಾಡ್ಬೇಕು ಅಂತ ಅವರಿಗೇ ಗೊತ್ತಾಗಿರತ್ತೆ."

ಕಂಬ ಮಾತ್ರ ಆ ಕುರ್ಚಿಗೆ ಬರಲು ಬಹಳ ದಿನ ತೆಗೆದುಕೊಂಡ. ಬಂದ ದಿನವೂ ತಲೆ ಬಗ್ಗಿಸಿಕೊಂಡು ಊಟದ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತಿದ್ದನಂತೆ. ಲೇತ್ ವರ್ಕ್‌ಶಾಪಿನಲ್ಲಿ ಕೆಲಸ ಕಲಿಯುತ್ತಿದ್ದವನನ್ನು ಮಾಲೀಕರು ಬಿಡಿಸಿ ತಿಂಗಳ ಮೇಲಾಗಿತ್ತು. ಮನೆಯಲ್ಲಿ ಹೇಳಿರಲಿಲ್ಲ. ಬೆಳಿಗ್ಗೆ ಅಮ್ಮ ಕೊಟ್ಟ ಡಬ್ಬಿ ಹಿಡಿದು ಕೆಲಸಕ್ಕೆ ಹೋಗುವವನಂತೆ ಹೊರಟು ಊರು ಸುತ್ತಿ, ಸಂಜೆ ಕೆಲಸ ಬಿಟ್ಟವನಂತೆ ಮನೆ ಸೇರುತ್ತಿದ್ದ.

ಭಾವ ಎಲ್ಲ ಕೇಳಿಸಿಕೊಂಡು, "ಊಟ ಎಲ್ಲಿ ಮಾಡ್ತೀಯ?" ಎಂದರು.

"ಬಸ್ ಸ್ಟ್ಯಾಂಡಲ್ಲಿ."

"ನಾಳೆಯಿಂದ ಅಂಗಡಿಗೆ ಬಾ. ನಾವೂ ಆ ಹೊತ್ತಿಗೇ ಊಟ ಮಾಡೋದು."

ಹಾಗೆ ನಮ್ಮ ಮಧ್ಯಾಹ್ನದ ಊಟಕ್ಕೆ ಮೂರನೆಯವನೊಬ್ಬ ಸೇರಿದ. ಪರೀಕ್ಷೆಯ ಕೋಣೆಯಲ್ಲೇ ನಮ್ಮ ಊಟ. ಎತ್ತರದ ಕುರ್ಚಿ ಅವನಿಗೆ, ಎರಡು ಸ್ಟೂಲು ನಮಗೆ. ಎದುರಿನ ಅಕ್ಷರದ ಹಲಗೆ ನೋಡುತ್ತಾ ತಿನ್ನುತ್ತಿದ್ದವನು ಒಂದು ದಿನ ತಾನಾಗಿ ಮಾತಾಡಿದ: "ಕೊನೇ ಸಾಲೂ ಕಾಣತ್ತೆ ನನಗೆ." ಭಾವ, "ಹಂಗಾದ್ರೆ ನಿನ್ನಿಂದ ನಮಗೆ ವ್ಯಾಪಾರ ಇಲ್ಲ ಬಿಡಪ್ಪ," ಅಂದರು. ಅವನು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಗಾಜು ಒಡೆದದ್ದು ಅದಾಗಿ ಕೆಲವು ವಾರಕ್ಕೆ. ಆವತ್ತು ನಾನೂ ಸಭಾಂಗಣದಲ್ಲಿದ್ದೆ. ಹೊಸದಾಗಿ ಬಂದಿದ್ದ ಇಬ್ಬರು ಹುಡುಗರು ಕಂಬನನ್ನು ಬಸ್ ಸ್ಟ್ಯಾಂಡಿನಲ್ಲಿ ಕಂಡಿದ್ದವರು. ಚೆಂಡು ಆಡುತ್ತಾ ಆಡುತ್ತಾ ಒಬ್ಬ, "ಏನ್ ಸಾಹೇಬ್ರೆ, ಇವತ್ತು ಡ್ಯೂಟಿ ಯಾವ ಬೆಂಚಲ್ಲಿ? ಮೂರನೇ ಪ್ಲಾಟ್‌ಫಾರ್ಮಾ?" ಎಂದ. ಇನ್ನೊಬ್ಬ ಕಂಬನ ಡಬ್ಬಿ ಎತ್ತಿ ಅಲ್ಲಾಡಿಸಿ, "ಸಂಬಳ ಇದರಲ್ಲೇ ಕೊಡ್ತಾರಾ?" ಎಂದ. ಸುತ್ತಲಿದ್ದವರು ನಕ್ಕರು. ಕಂಬ ಎದ್ದು ನಿಂತ. ಅವನ ಕೈಗೆ ಕುರ್ಚಿ ಬಂದದ್ದು ಕಂಡಿತು. ಮರುಕ್ಷಣ ಅದು ಗೋಡೆಯ ಕಡೆ ಹಾರಿತ್ತು. ಯಾರಿಗೂ ತಗಲಲಿಲ್ಲ, ಪುಣ್ಯ. ತಗಲಿದ್ದು ಸಂಘದ ಬಹುಮಾನಗಳನ್ನಿಟ್ಟಿದ್ದ ಗಾಜಿನ ಬೀರುವಿಗೆ. ಗಾಜು ಮಳೆಯ ಹಾಗೆ ಸುರಿಯಿತು, ಫಲಕಗಳು ಒಂದರ ಮೇಲೊಂದು ಉರುಳಿದವು. ಕಂಬ ಅದನ್ನು ನೋಡಿದ, ಭಾವನನ್ನು ನೋಡಿದ, ಓಡಿಹೋದ. ಡಬ್ಬಿ ಅಲ್ಲೇ ಉಳಿಯಿತು.

ಭಾವ ಮೊದಲು ಮಾಡಿದ್ದು ಎಲ್ಲರ ಕೈಕಾಲು ನೋಡಿದ್ದು. ಆಮೇಲೆ ಡಬ್ಬಿ ಎತ್ತಿಕೊಂಡು, "ಬಾಮ್ಮ, ಇದನ್ನ ಕೊಟ್ಟು ಬರೋಣ," ಎಂದು ನನ್ನನ್ನು ಕರೆದರು.

ಕಂಬನ ಮನೆ ರೈಲು ಹಳಿಯ ಆಚೆ. ಬಾಗಿಲಲ್ಲಿ ನಿಂತ ಅವನಪ್ಪ ಕಾರ್ಖಾನೆಯ ಗೇಟಿನಲ್ಲಿ ಕಾವಲು ಕಾಯುವವರು, ಇನ್ನೂ ಸಮವಸ್ತ್ರದಲ್ಲೇ ಇದ್ದರು. ಅವರೂ ಮಗನಷ್ಟೇ ಉದ್ದ. ಒಳಗೆ ಮಂಚದ ತುದಿಯಲ್ಲಿ ಕಂಬ ಕೂತಿದ್ದ. ನಮ್ಮನ್ನು ಕಂಡು ಗೋಡೆಗೆ ಇನ್ನಷ್ಟು ಒತ್ತಿಕೊಂಡ.

"ನಿಮ್ಮ ಮಗ ಇದನ್ನ ನಮ್ಮ ಸಂಘದ ಹಾಲ್‌ನಲ್ಲಿ ಬಿಟ್ಟು ಬಂದಿದ್ದ," ಎಂದು ಭಾವ ಡಬ್ಬಿ ಚಾಚಿದರು.

"ಸಂಘದ ಹಾಲ್‌ನಲ್ಲಾ? ಕೆಲಸದ ಜಾಗದಲ್ಲಿರಬೇಕಲ್ಲ ಇದು?"

ಭಾವ ಸುಳ್ಳೂ ಹೇಳಲಿಲ್ಲ, ನಿಜವನ್ನೂ ಬಿಚ್ಚಲಿಲ್ಲ, ಕಂಬನ ಕಡೆ ತಿರುಗಿ ನಿಂತರು. ಒಳಗೆ ಒಲೆ ಆರಿಸಿದ ಸದ್ದು ಕೇಳಿತು. ಅವನಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ನಿಂತರು. ಕೊನೆಗೆ ಕಂಬ ಬಾಯಿ ಬಿಟ್ಟ. ಕೆಲಸ ಹೋದದ್ದು, ಊರು ಸುತ್ತಿದ್ದು, ಗಾಜು ಒಡೆದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ.

ಅಪ್ಪ ಹೊಡೆಯುತ್ತಾರೆಂದೇ ನಾನು ಅಂದುಕೊಂಡೆ. ಅವರು ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ಅರ್ಧ ಊಟ ಹಾಗೇ ಇತ್ತು.

"ಊಟ ಯಾಕೋ ಬಿಟ್ಟಿದ್ದೀಯ?" ಎಂದರು. "ಕೆಲಸ ಹೋಗ್ಲಿ. ಊಟ ಯಾಕೆ ಬಿಡಬೇಕು?"

ಕಂಬ ಮುಖ ಮುಚ್ಚಿಕೊಂಡು ಅತ್ತ. ನಾವು ಅಲ್ಲಿಂದ ಸದ್ದಿಲ್ಲದೆ ಬಂದೆವು. ದಾರಿಯಲ್ಲಿ ಭಾವ ಎರಡು ಸಲ ಕನ್ನಡಕ ತೆಗೆದು ಒರೆಸಿಕೊಂಡರು.

ತುರ್ತು ಸಭೆ ಕರೆದವರು ಕಂಟ್ರಾಕ್ಟರ್. ಮುರಿದ ಬೀರುವಿನ ಫಲಕಗಳನ್ನೆಲ್ಲ ಸಾಕ್ಷಿಗೆಂಬಂತೆ ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ದರು. "ನಾನು ಮೊದಲೇ ಹೇಳಿದ್ದೆ," ಎಂಬಲ್ಲಿಂದ ಶುರುವಾಗಿ ಪೊಲೀಸರಿಗೆ ದೂರು ಕೊಡಬೇಕು, ಸಭಾಂಗಣಕ್ಕೆ ಬೀಗ ಹಾಕಬೇಕು ಎಂಬಲ್ಲಿಗೆ ಅವರ ಮಾತು ಮುಟ್ಟಿತು. "ಎಲ್ಲರೂ ಒಪ್ಪಿದ ಹಾಗಾಯ್ತಲ್ಲ? ಅಧ್ಯಕ್ಷರೇ, ನೀವೊಂದು ಹ್ಞೂಂ ಅಂದುಬಿಡಿ."

ಭಾವ ಎದ್ದು ನಿಂತರು.

"ಉಹೂಂ," ಅಂದರು.

ಕಂಟ್ರಾಕ್ಟರ್ ಕೈಯಲ್ಲಿದ್ದ ಫಲಕವನ್ನು ಮೇಜಿನ ಮೇಲಿಟ್ಟರು.

"ನನ್ನನ್ನ ಯಾಕೆ ಅಧ್ಯಕ್ಷ ಮಾಡಿದ್ರಿ ಅಂತ ನನಗೆ ಗೊತ್ತು. ಇವನು ಯಾವುದಕ್ಕೂ ಬೇಡ ಅನ್ನಲ್ಲ ಅಂತ. ಹೌದು, ಅನ್ನಲ್ಲ. ಇವತ್ತು ಅಂತೀನಿ. ಪೊಲೀಸ್ ಬೇಡ. ಬೀಗಾನೂ ಬೇಡ. ಗಾಜು ಒಡೆದಿದೆ, ಹಾಕಿಸೋಣ. ನಮ್ಮ ಮನೆ ಮಕ್ಕಳು ಮನೇಲಿ ಗಾಜು ಒಡೆದ್ರೆ ಏನು ಮಾಡ್ತೀವಿ? ಬೈತೀವಿ, ಗುಡಿಸ್ತೀವಿ, ಹಾಕಿಸ್ತೀವಿ. ಬಾಗಿಲು ಹಾಕ್ಕೊಂಡು ಅವರನ್ನ ಬೀದಿಗೆ ಕಳಿಸಲ್ಲ. ಆ ಹುಡುಗ ತಪ್ಪು ಮಾಡಿದ. ತಪ್ಪು ಮಾಡೋಕೆ ಮುಂಚೆ ಎಷ್ಟೋ ದಿನ ಅವನು ಇಲ್ಲಿ ಸುಮ್ಮನೆ ಕೂತಿದ್ದ, ಅದನ್ನ ಯಾರೂ ಬಂದು ನೋಡಲಿಲ್ಲ. ನೀವು ಬೀಗ ಹಾಕೋದೇ ಆದ್ರೆ ಬೇರೆ ಅಧ್ಯಕ್ಷರನ್ನ ನೋಡ್ಕೊಳ್ಳಿ."

ಇಷ್ಟು ಉದ್ದ ಭಾವ ಮಾತಾಡಿದ್ದನ್ನು ನಾನಂತೂ ಕೇಳಿರಲಿಲ್ಲ. ಅವರು ಕೂತರು.

ಹೆಡ್‌ಮಿಸ್ಟ್ರೆಸ್ ಅಷ್ಟರಲ್ಲಿ ಕನ್ನಡಕ ಮೂಗಿಗೇರಿಸಿ ಎದುರಿನ ಫಲಕವೊಂದನ್ನು ಓದುತ್ತಿದ್ದರು. ಮೂಲೆ ನಜ್ಜುಗುಜ್ಜಾಗಿದ್ದ ದೊಡ್ಡ ಹಿತ್ತಾಳೆ ಫಲಕ. "ಇದು ಯಾವುದಕ್ಕೆ ಬಂದದ್ದು ಗೊತ್ತಾ ಯಾರಿಗಾದ್ರೂ?" ಎಂದರು. ಯಾರಿಗೂ ಗೊತ್ತಿರಲಿಲ್ಲ. "ಕೇಳಿ. ‘ಅತ್ಯುತ್ತಮ ಯುವಜನ ಕಾರ್ಯಕ್ರಮ.’ ಯಾವ ವರ್ಷ ಏನು ಮಾಡಿದ್ವೋ ದೇವರಿಗೇ ಗೊತ್ತು. ಟೋಪಿ ಹಂಚಿದ್ದಕ್ಕೇ ಇರಬೇಕು." ಮೊದಲು ನಕ್ಕವರು ಅವರೇ. ಆ ನಗು ಒಬ್ಬೊಬ್ಬರಿಗೇ ಹರಡಿ, ಕಡೆಗೆ ಕಂಟ್ರಾಕ್ಟರ್ ಒಬ್ಬರನ್ನು ಬಿಟ್ಟು ಎಲ್ಲರೂ ನಕ್ಕರು. ಅವರು ಎದ್ದು ಹೊರಟೇ ಹೋದರು. ಬೀಗದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಹೊಸ ಗಾಜನ್ನು ಕೂರಿಸಿದವನು ಕಂಬ. ಅಪ್ಪನೇ ಜೊತೆಗೆ ಬಂದಿದ್ದರು. ಅಪ್ಪ ಹಿಡಿದುಕೊಂಡರು, ಮಗ ಅಳತೆ ನೋಡಿ ಅಂಚಿಗೆ ಮರದ ಪಟ್ಟಿ ಹೊಡೆದ. ಅಣಕಿಸಿದ್ದ ಇಬ್ಬರು ಹುಡುಗರು ರೇಡಿಯೋಳ ಕೈಯಲ್ಲಿ ಚೆನ್ನಾಗಿ ಬೈಸಿಕೊಂಡು ಫಲಕಗಳನ್ನು ಉಜ್ಜುತ್ತಾ ಕೂತಿದ್ದರು. ಕೆಲಸ ನಡೆಯುತ್ತಿರುವಾಗ ಕಂಟ್ರಾಕ್ಟರ್ ಬಂದರು. ಯಾರನ್ನೂ ಮಾತಾಡಿಸದೆ ಸಭಾಂಗಣವನ್ನೊಂದು ಸುತ್ತು ಹಾಕಿ, ಹಿಂದಿನ ಬಾಗಿಲು ತೆಗೆದು ನೋಡಿ, "ಇಷ್ಟು ಜನ ಹೆಣ್ಣುಮಕ್ಕಳು ಬರ್ತಾರೆ, ಶೌಚಾಲಯ ಒಂದೇ ಇದೆಯಲ್ರೀ," ಎಂದು ಗದರಿದರು. ಮರುವಾರ ಅವರ ಕೆಲಸದವರು ಇಟ್ಟಿಗೆ ತಂದು ಇಳಿಸಿದರು. ಇದು ಒಪ್ಪಿಗೆ ಎಂದು ಯಾರೂ ತಿಳಿಯಬಾರದಂತೆ; ಸಭಾಂಗಣ ಹಾಳಾಗಬಾರದೆಂದು ಮಾಡಿಸಿದ್ದಂತೆ. ಈಗಲೂ ಹಾಗೆಯೇ ಹೇಳುತ್ತಾರೆ.

ಭಾವನ ಅಧ್ಯಕ್ಷಗಿರಿ ಮುಗಿದು ಎಷ್ಟೋ ವರ್ಷವಾಯಿತು. ಅವರ ನಂತರ ಬಂದವರಲ್ಲಿ ಒಬ್ಬಿಬ್ಬರು ಮತ್ತೆ ಟೋಪಿಯ ಮಾತೆತ್ತಿದ್ದುಂಟು. ಆದರೆ ಸಂಜೆ ಹೊತ್ತು ಸಭಾಂಗಣದ ಬಾಗಿಲು ಮುಚ್ಚುವ ಧೈರ್ಯ ಯಾರಿಗೂ ಆಗಿಲ್ಲ. ಅಲ್ಲಿಗೆ ಬಂದವರೆಲ್ಲ ಮಹಾ ಸಾಧಕರಾದರು ಎಂದು ನಾನು ಹೇಳಲಾರೆ. ಕೆಲವರು ಕಲಿತರು, ಕೆಲವರು ಕಲಿಯಲಿಲ್ಲ. ಒಬ್ಬ ಜೈಲಿಗೂ ಹೋಗಿ ಬಂದ. ಭಾವ ಅಲ್ಲಿಗೂ ಹೋಗಿ ಎದುರು ಕೂತು ಕೇಳಿಸಿಕೊಂಡು ಬಂದರು. ಕಂಬ ಈಗ ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಾನೆ, ಮದುವೆಯಾಗಿದೆ. ರೇಡಿಯೋ ನಮ್ಮ ಸಂಘದ ಅತ್ಯಂತ ಕಿರಿಯ ಸದಸ್ಯೆ. ಅವಳು ಎದ್ದು ನಿಂತರೆ ಕಂಟ್ರಾಕ್ಟರ್ ಗಡಿಯಾರ ನೋಡಿಕೊಳ್ಳುತ್ತಾರೆ.

ಹೋದ ತಿಂಗಳು ಹಳಿಯ ಆಚೆಯ ಬಡಾವಣೆಯಿಂದ ಮೂವರು ಹುಡುಗಿಯರು ಅಂಗಡಿಗೆ ಬಂದಿದ್ದರು. ಕನ್ನಡಕಕ್ಕೆಂದುಕೊಂಡು ನಾನು ಫ್ರೇಮಿನ ತಟ್ಟೆ ಎಳೆದೆ. ಅವರಿಗೆ ಭಾವ ಬೇಕಾಗಿತ್ತು. ತಮ್ಮ ಕಡೆ ತರಕಾರಿ ಮಾರುಕಟ್ಟೆಯ ಮಹಡಿಯಲ್ಲಿ ಒಂದು ಕೋಣೆ ಸುಮ್ಮನೆ ಬಿದ್ದಿದೆ, ಯಾರನ್ನು ಕೇಳಬೇಕು ಎಂದು ಗೊತ್ತಾಗುತ್ತಿಲ್ಲ ಅಂದರು. ಭಾವ ಅವರ ಮಾತನ್ನು ಪೂರ್ತಿ ಕೇಳಿ, ಆಮೇಲೆ ಮಾರುಕಟ್ಟೆಯ ಕಚೇರಿಗೆ ನಾಲ್ಕು ಸಲ ಅಲೆದು, ಭಾನುವಾರ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಕೋಣೆ ನೋಡಲು ಹೊರಟರು. ಈ ಸಲ ಅಕ್ಕನೂ ಚಪ್ಪಲಿ ಮೆಟ್ಟಿದಳು.

"ನೀನ್ಯಾಕೆ?" ಅಂದರು ಭಾವ.

"ಸಂಜೆ ಹೊತ್ತು ನಾನೊಬ್ಬಳೇ ಮನೇಲಿ ಗೋಡೆ ನೋಡ್ಕೊಂಡು ಕೂತಿದ್ದು ಸಾಕು. ನಡೀರಿ."

ಕೋಣೆ ವಿಶಾಲವಾಗಿತ್ತು. ಈರುಳ್ಳಿ ಸಿಪ್ಪೆ, ಹರಿದ ಗೋಣಿಚೀಲ, ಮುರಿದ ತಕ್ಕಡಿಯೊಂದು ಮೂಲೆಯಲ್ಲಿ. ಹುಡುಗಿಯರು ಮುಜುಗರದಿಂದ ಒಬ್ಬರ ಹಿಂದೆ ಒಬ್ಬರು ನಿಂತರು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೋಣೆಯ ಉದ್ದಗಲಕ್ಕೆ ನಡೆದು, ಬೆಂಚು ಎಲ್ಲಿ ಬರಬೇಕು, ಮೇಜು ಎಲ್ಲಿ ಬರಬೇಕು ಎಂದು ಅವರನ್ನೇ ಕೇಳತೊಡಗಿದಳು. ಅವರು ಮೆಲ್ಲಗೆ ಒಂದೊಂದೇ ಹೇಳಿದರು, ಆಮೇಲೆ ಮೂವರೂ ಒಟ್ಟಿಗೇ ಹೇಳತೊಡಗಿದರು. ಭಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ರೀ, ಅಲ್ಲೇನು ಗೊಂಬೆ ಹಾಗೆ ನಿಂತಿದ್ದೀರಿ?" ಎಂದು ಅಕ್ಕ ಕೂಗಿದಳು. "ಕೆಳಗೆ ಹೋಗಿ ಎರಡು ಪೊರಕೆ ತಗೊಂಡು ಬನ್ನಿ. ಉದ್ದ ಹಿಡಿದು ನೋಡಿ ತಗೊಳ್ಳಿ, ಸುಮ್ಮನೆ ಕೊಟ್ಟದ್ದನ್ನ ಹಿಡ್ಕೊಂಡು ಬರಬೇಡಿ."

ಭಾವ ಪಂಚೆಯ ಅಂಚು ಎತ್ತಿಕೊಂಡು ಮೆಟ್ಟಿಲಿಳಿದರು.